ಸಾಂತ್ವನ ಎಂದರೆ ಸಹಿಸಿಕೋ ಎಂದಲ್ಲ

(ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಹಿಳೆಯರು ಸಾಗರದಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ದಣಿದವರಿಗೆ, ಒಂಟಿಯಾದವರಿಗೆ, ಮನೆಯೊಳಗೇ ಹಿಂಸೆ ಅನುಭವಿಸುವವರಿಗೆ ಕ್ರೈಸ್ತ ಧರ್ಮ ಎಂಥ ಸಾಂತ್ವನ ಕೊಡುತ್ತದೆ ಎಂದು ನಾಲ್ಕು ಮಾತು ಹೇಳಲು ಸಂಘಟಕಿಯರು ನನ್ನನ್ನು ಕೇಳಿದರು. ನಾನು ಪಾದ್ರಿಯೂ ಅಲ್ಲ, ಸಿಸ್ಟರೂ ಅಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು, ಭಾನುವಾರ ಚರ್ಚಿಗೆ ಹೋಗುವವಳು. ಇಲ್ಲಿ ಕೂತಿರುವವರಲ್ಲಿ ಬಹಳ ಮಂದಿ ಕ್ರೈಸ್ತರಲ್ಲ. ಆದರೆ 'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ಕೇಳದ ಹೆಂಗಸು ನಮ್ಮಲ್ಲಿ ಯಾರೂ ಇಲ್ಲ. ಗಾದೆಯಲ್ಲಿ ಗಂಡಸಿದ್ದಾನೆ, ತಾಳುವವಳು ಮಾತ್ರ ಹೆಂಗಸು. ನಮ್ಮ ಚರ್ಚುಗಳಲ್ಲಿ ಅದನ್ನೇ 'ನಿನ್ನ ಶಿಲುಬೆ ನೀನು ಹೊರಬೇಕು' ಎನ್ನುತ್ತಾರೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

1996ರ ಮಳೆಗಾಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಧ್ಯಾಹ್ನ ನೆನೆದುಕೊಂಡು ಸಾಗರದ ನಮ್ಮ ಮನೆಗೆ ಬಂದಳು. ಕ್ರೈಸ್ತರ ಮನೆಯ ಹುಡುಗಿ. ಶರಾವತಿ ಹಿನ್ನೀರಿನ ಆಚೆಯ ಒಂದು ಮನೆಗೆ ಕೊಟ್ಟಿದ್ದರು. ಘಟ್ಟದ ಕೆಳಗಿನಿಂದ ಬಂದ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ವರದಕ್ಷಿಣೆಗೆ 'ದೋತ್' ಎನ್ನುತ್ತಾರೆ. ಹೆಸರು ಬೇರೆ, ವ್ಯವಹಾರ ಅದೇ. ಬಾಕಿ ಉಳಿದ ದೋತ್‌ಗಾಗಿ ಗಂಡ ಹೊಡೆಯುತ್ತಿದ್ದ. ಅವಳು ಕೂಗಿಕೊಂಡರೆ ಅತ್ತೆ ಎದ್ದು ಬಾಗಿಲು ಹಾಕುತ್ತಿದ್ದರಂತೆ.

ಮಲೆನಾಡಿನ ಒಂಟಿ ಮನೆ ಎಂದರೇನೆಂದು ನಿಮಗೆ ಹೇಳಬೇಕಿಲ್ಲ. ಹೊಸನಗರದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ, ಎಷ್ಟೋ ಕಡೆ ಪಕ್ಕದ ಮನೆಗೆ ಹೋಗಬೇಕಾದರೆ ಗುಡ್ಡ ಹತ್ತಿ ಇಳಿಯಬೇಕು. ಮಳೆಯ ಸದ್ದಿನಲ್ಲಿ ಕೂಗಿದರೂ ಯಾರಿಗೂ ಕೇಳದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ತುಮರಿ ಕಡೆಯವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. ಕತ್ತಲಾದರೆ ಅದೂ ಇಲ್ಲ.

ಅವಳಿಗೆ ಒಣ ಸೀರೆ ಕೊಟ್ಟೆ, ಊಟ ಬಡಿಸಿದೆ. ಆಮೇಲೆ ಬೈಬಲ್ ತೆರೆದು, ಯೇಸುಸ್ವಾಮಿ ಎಷ್ಟು ಸಹಿಸಿಕೊಂಡರು ನೋಡು ಎಂದೆ. ಇಬ್ಬರೂ ಪ್ರಾರ್ಥನೆ ಮಾಡಿದೆವು. ಗಡಿಯಾರ ನೋಡಿ, "ಹೊರಡಮ್ಮ, ಲಾಂಚ್ ತಪ್ಪೀತು" ಎಂದೆ. ಹೋದಳು.

ಏಳು ವರ್ಷದ ಮೇಲೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಎಡಗೈ ಪೂರ್ತಿ ನೇರವಾಗುತ್ತಿರಲಿಲ್ಲ. ಗಂಡನ ಮನೆ ಬಿಟ್ಟು, ಹೊಲಿಗೆ ಮಾಡಿ ಮಗಳನ್ನು ಓದಿಸುತ್ತಿದ್ದಳು. ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. "ಮೇಡಂ, ಅವತ್ತು ಒಂದು ರಾತ್ರಿ ಇದ್ದು ಹೋಗು ಅಂದಿದ್ರೆ ಸಾಕಾಗಿತ್ತು" ಎಂದಳು. ಬಸ್ಸು ಬಂತು, ಹತ್ತಿಕೊಂಡಳು.

ಆ ಮಾತು ಕೇಳಿದ ಮೇಲೆ ನಾನು ಬೈಬಲನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು. ಓದಿ ಕಂಡುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಎಲೀಯ ಎಂಬ ಪ್ರವಾದಿಯ ಕಥೆಯಿದೆ. ರಾಣಿ ಕೊಲ್ಲಿಸುತ್ತೇನೆಂದು ಹೆದರಿಸಿದಾಗ ಅವನು ಓಡಿಹೋದ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿದ. ಹಾಗೆ ಬೇಡಿದ್ದಕ್ಕೆ ದೇವರು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಿದ್ದವನನ್ನು ದೂತನೊಬ್ಬ ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದ. ದೇವರ ಮಾತು ಬಂದದ್ದು ಅದೆಲ್ಲ ಆದ ಮೇಲೆ. ಮೊದಲು ಅನ್ನ, ನಿದ್ದೆ, ಮಾತು ಆಮೇಲೆ. ನಾನು ಅನ್ನ ಕೊಟ್ಟು ನಿದ್ದೆಯನ್ನು ಕೊಡದೆ ಕಳಿಸಿದೆ.

ಇನ್ನೊಬ್ಬಳು ಹಾಗರ್. ಅಬ್ರಹಾಮನ ಮನೆಯ ದಾಸಿ. ಗರ್ಭಿಣಿಯಾಗಿದ್ದಾಗ ಯಜಮಾನಿಯ ಹಿಂಸೆ ತಾಳದೆ ಅಡವಿಗೆ ಓಡಿದಳು. ಅಲ್ಲಿ ಒರತೆಯ ಬಳಿ ದೇವದೂತ ಅವಳನ್ನು ಹೆಸರು ಹಿಡಿದು ಕರೆದ, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀಯೆ ಎಂದು ಕೇಳಿದ. ನನ್ನನ್ನು ನೋಡುವ ದೇವರು ಎಂದು ಅವಳೇ ದೇವರಿಗೆ ಹೆಸರಿಟ್ಟಳು. ಯಾರೂ ನೋಡದ ಒಂಟಿ ಮನೆಯಲ್ಲಿ ಪೆಟ್ಟು ತಿನ್ನುವವಳಿಗೆ ಇದು ದೊಡ್ಡ ಮಾತು. ನಿನ್ನ ಮೈಮೇಲಿನ ಬರೆಯನ್ನು ಒಬ್ಬ ಕಂಡಿದ್ದಾನೆ, ನೀನು ಸುಳ್ಳು ಹೇಳುತ್ತಿಲ್ಲ ಎಂದು ಅದರ ಅರ್ಥ.

ಆದರೆ ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಆ ದೂತ ಹಾಗರಳಿಗೆ ಯಜಮಾನಿಯ ಬಳಿಗೆ ಹಿಂದಿರುಗು ಎಂದ. ನಮ್ಮ ಹಿರಿಯರು ಇಷ್ಟನ್ನೇ ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಹಾಗರಳನ್ನು ಮಗನ ಸಮೇತ ಮನೆಯಿಂದ ಅಟ್ಟುತ್ತಾರೆ. ತಂದ ನೀರು ಮುಗಿಯುತ್ತದೆ. ಈ ಸಲ ಹಿಂದಿರುಗು ಎಂಬ ಮಾತೇ ಇಲ್ಲ. ಅವಳ ಕಣ್ಣಿಗೆ ಒಂದು ಬಾವಿ ಕಾಣಿಸುತ್ತದೆ. ಮಗನನ್ನು ಅವಳೇ ಬೆಳೆಸುತ್ತಾಳೆ, ಅವಳೇ ಅವನಿಗೆ ಮದುವೆ ಮಾಡಿಸುತ್ತಾಳೆ.

ಇನ್ನು ಯೇಸುಸ್ವಾಮಿಯ ವಿಷಯ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ತೋರಿಸು ಎಂಬ ಬೋಧನೆ ಎಲ್ಲರಿಗೂ ಗೊತ್ತು. ಆದರೆ ವಿಚಾರಣೆಯ ರಾತ್ರಿ ಕಾವಲುಗಾರನೊಬ್ಬ ತನ್ನ ಕೆನ್ನೆಗೆ ಹೊಡೆದಾಗ, ಯಾಕೆ ಹೊಡೆಯುತ್ತೀಯೆ ಎಂದು ಅವರೇ ಕೇಳಿದ್ದನ್ನು ಯೋಹಾನನ ಸುವಾರ್ತೆ ಬರೆದಿಟ್ಟಿದೆ. ಕಲ್ಲೆಸೆಯಲು ಬಂದವರಿಂದ ಅವರು ತಪ್ಪಿಸಿಕೊಂಡು ಹೋದದ್ದೂ ಅಲ್ಲೇ ಇದೆ. ಶಿಲುಬೆ ಅವರು ತಾವೇ ಒಪ್ಪಿ ಹೊತ್ತದ್ದು. ದೋತ್ ಸಾಲದು ಎಂದು ಹೆಂಡತಿಯ ಹೆಗಲಿಗೆ ಗಂಡ ಹೇರುವುದು ಶಿಲುಬೆಯಲ್ಲ, ಅದು ಅಪರಾಧ.

ಇತಿಹಾಸ ಹೇಳಿದವಳಾದ್ದರಿಂದ ನಮ್ಮ ಕಡೆಯ ಒಂದು ನಿಜಸಂಗತಿಯನ್ನೂ ಹೇಳಬೇಕು. ತೀರ್ಥಹಳ್ಳಿಯಲ್ಲಿ ಹರಿಯುವ ತುಂಗೆ ಹುಟ್ಟುವುದು ಗಂಗಾಮೂಲದಲ್ಲಿ. ಆ ಕಾಡಿನಲ್ಲೇ 1858ರಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ವಿರೋಧ ಕಟ್ಟಿಕೊಂಡವರು. 1870ರ ದಶಕದಲ್ಲಿ, ಬರಗಾಲದ ದಿನಗಳಲ್ಲಿ, ರಮಾಬಾಯಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡರು. ಆಮೇಲೆ ಅಣ್ಣನೂ ಹೋದ. 1882ರಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಕೈಯಲ್ಲಿ ಹಸುಗೂಸು ಮನೋರಮಾ. ಇವರಿಗಿಂತ ದಣಿದವರು, ಒಂಟಿಯಾದವರು ಯಾರಿದ್ದಾರು?

1883ರಲ್ಲಿ ಇಂಗ್ಲೆಂಡಿಗೆ ಹೋದರು. ಸಮಾಜ ದೂರವಿಟ್ಟ ಹೆಂಗಸರನ್ನು ಅಲ್ಲಿನ ಸಿಸ್ಟರುಗಳು ಹತ್ತಿರ ಕರೆದು ಆರೈಕೆ ಮಾಡುತ್ತಿದ್ದುದನ್ನು ಕಂಡು ಅವರ ಮನಸ್ಸು ಕರಗಿತು. ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದಾಗ ಒಬ್ಬ ಸಿಸ್ಟರ್ ಬಾವಿಯ ಬಳಿಯ ಸಮಾರ್ಯದ ಹೆಂಗಸಿನ ಕಥೆ ಓದಿ ಹೇಳಿದರು. ಎಲ್ಲರೂ ಕೀಳಾಗಿ ಕಂಡವಳ ಬಳಿ ಯೇಸು ನೀರು ಕೇಳಿ, ಸರಿಸಮಾನವಾಗಿ ಮಾತಾಡಿದ ಕಥೆ ಅದು. ರಮಾಬಾಯಿ ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಆದರೂ ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಪುರೋಹಿತರ ನೊಗ ಇಳಿಸಿ ಬಂದವಳು ಇನ್ನೊಂದು ನೊಗ ಹೊರಲಾರೆ ಎಂದು ಸಿಸ್ಟರುಗಳಿಗೇ ಕಾಗದ ಬರೆದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. 1896-97ರ ಬರದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವದ ಮುಕ್ತಿ ಆಶ್ರಮದಲ್ಲಿ ಇಟ್ಟುಕೊಂಡರು; ಅಕ್ಷರ, ನೇಯ್ಗೆ, ಅಚ್ಚಿನ ಕೆಲಸ ಕಲಿಸಿದರು. ತಾವು ಪಡೆದ ಸಾಂತ್ವನವನ್ನು ಅವರು ಸೂರು, ಅನ್ನ, ಕಸುಬು ಮಾಡಿ ಹಂಚಿದರು.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. 1996ರಲ್ಲಿ ಆ ಹುಡುಗಿ ಬಂದಾಗ, 1869ರ ವಿಚ್ಛೇದನ ಕಾಯಿದೆಯಂತೆ, ಕ್ರೈಸ್ತ ಹೆಂಡತಿಗೆ ಕ್ರೌರ್ಯವೊಂದೇ ಸಾಲದಾಗಿತ್ತು. ಗಂಡನ ವ್ಯಭಿಚಾರವನ್ನೂ ರುಜುವಾತು ಮಾಡಬೇಕಿತ್ತು. ಗಂಡನಿಗಾದರೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಈ ತಾರತಮ್ಯ 2001ರ ತಿದ್ದುಪಡಿಯಿಂದ ಹೋಯಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಯಾವ ಧರ್ಮದವಳಾದರೂ ರಕ್ಷಣೆ ಕೇಳಬಹುದು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕೂ ಅವಳಿಗಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181. ಬರೆದಿಟ್ಟುಕೊಳ್ಳಿ.

ಹಾಗಾದರೆ ಪ್ರಾರ್ಥನೆ ಬೇಡವೆ? ಬೇಕು. ಗಂಡ ತೀರಿಕೊಂಡ ಮೇಲೆ ರಾತ್ರಿಯ ಹೊತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಕೀರ್ತನೆಗಳ ಪುಸ್ತಕದಲ್ಲಿ ದೇವರಿಗೆ ಹೇಳಿಕೊಂಡ ದೂರುಗಳೇ ಬಹಳ. ಜತೆಗಿದ್ದವನೇ ಕೈಮಾಡಿದ, ರೆಕ್ಕೆಯಿದ್ದರೆ ಹಾರಿಹೋಗುತ್ತಿದ್ದೆ ಎಂದು ಒಬ್ಬ ಅಲ್ಲಿ ಗೋಳಾಡುತ್ತಾನೆ. ನೀವೂ ದೂರು ಹೇಳಿ, ಅಳಿ. ದೇವರೆದುರು ಸುಖವಾಗಿದ್ದೇನೆಂದು ನಟಿಸಬೇಕಾಗಿಲ್ಲ. ಅತ್ತು ಮುಗಿದ ಮೇಲೆ ಒಬ್ಬ ಮನುಷ್ಯರ ಮುಂದೆಯೂ ಅದನ್ನು ಹೇಳಿ.

ಕೇಳಿಸಿಕೊಳ್ಳುವವರಿಗೂ ಒಂದು ಮಾತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯಿತು. ಲಾಂಚ್ ತಪ್ಪೀತು ಎನ್ನುವ ನೆಪ ನನಗಿನ್ನಿಲ್ಲ. ಅಂಥವಳು ನಿಮ್ಮ ಬಾಗಿಲಿಗೆ ಬಂದರೆ ಬುದ್ಧಿ ಹೇಳಬೇಡಿ. ಊಟ ಹಾಕಿ, ಹಾಸಿಗೆ ಹಾಸಿ, ಈ ರಾತ್ರಿ ಇಲ್ಲೇ ಇರು ಎನ್ನಿ. ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ. ಸಂಘಟಕಿಯರ ಬಳಿ ನನ್ನ ವಿಳಾಸವಿದೆ.