ಒಂದೇ ಸಂಸ್ಥೆ, ಎರಡು ಗೋಪುರ



ಎತ್ತರದ ಕಟ್ಟಡಕ್ಕೆ ನಿಜವಾದ ವೈರಿ ಅದರ ತೂಕವಲ್ಲ, ಗಾಳಿ. ತೂಕ ನೇರವಾಗಿ ಕೆಳಕ್ಕಿಳಿಯುತ್ತದೆ. ಬುನಾದಿ ಗಟ್ಟಿಯಾಗಿದ್ದರೆ ಅದನ್ನು ಹೊತ್ತುಕೊಳ್ಳುತ್ತದೆ. ಗಾಳಿ ಪಕ್ಕದಿಂದ ತಳ್ಳುತ್ತದೆ, ಮೇಲೆ ಹೋದಷ್ಟೂ ಅದರ ವೇಗ ಹೆಚ್ಚು. ಕಟ್ಟಡದ ಎತ್ತರ ಎರಡು ಪಟ್ಟಾದರೆ ಅದನ್ನು ಬುಡಮೇಲು ಮಾಡಲು ಯತ್ನಿಸುವ ಬಲ ನಾಲ್ಕು ಪಟ್ಟನ್ನೂ ಮೀರುತ್ತದೆ. ಈ ವೈರಿಗೆ ಅಮೆರಿಕದ ಒಂದೇ ವಾಸ್ತುಶಿಲ್ಪ ಸಂಸ್ಥೆ, ಎರಡು ಕಾಲಗಳಲ್ಲಿ, ಎರಡು ಬಗೆಯ ಉತ್ತರ ಕೊಟ್ಟಿತು. ಒಂದು 1974ರಲ್ಲಿ ಪೂರ್ಣಗೊಂಡ ಷಿಕಾಗೋದ ಸಿಯರ್ಸ್ ಗೋಪುರ. ಇನ್ನೊಂದು 2010ರಲ್ಲಿ ಉದ್ಘಾಟನೆಯಾದ ದುಬೈನ ಬುರ್ಜ್ ಖಲೀಫಾ. ಎರಡರ ಹಿಂದೆಯೂ ಇದ್ದದ್ದು ಸ್ಕಿಡ್ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆ.

ಮೊದಲನೆಯದರ ಕಥೆ ಢಾಕಾದಿಂದ ಆರಂಭವಾಗುತ್ತದೆ. 1929ರಲ್ಲಿ ಅಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್ 1952ರಲ್ಲಿ ಉನ್ನತ ವ್ಯಾಸಂಗಕ್ಕೆಂದು ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು, 1955ರಲ್ಲಿ ಷಿಕಾಗೋದ ಈ ಸಂಸ್ಥೆಯನ್ನು ಸೇರಿದರು. ಅದುವರೆಗಿನ ಗಗನಚುಂಬಿಗಳಲ್ಲಿ ಕಂಬ ಮತ್ತು ತೊಲೆಗಳ ಚೌಕಟ್ಟು ಕಟ್ಟಡದ ಒಳಗೆಲ್ಲ ಹರಡಿರುತ್ತಿತ್ತು. 1931ರ ಎಂಪೈರ್ ಸ್ಟೇಟ್ ಕಟ್ಟಡ ನಿಂತಿರುವುದು ಹಾಗೆ. ಖಾನ್ ಈ ಪದ್ಧತಿಯನ್ನು ತಿರುವುಹಾಕಿದರು. ಕಂಬಗಳನ್ನು ಹೊರಗೋಡೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಬಲವಾದ ತೊಲೆಗಳಿಂದ ಬಂಧಿಸಿದರೆ, ಇಡೀ ಕಟ್ಟಡವೇ ಒಂದು ಟೊಳ್ಳು ಕೊಳವೆಯಂತೆ ಗಾಳಿಯನ್ನು ತಡೆಯುತ್ತದೆ. ಬಿದಿರನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ. ಒಳಗೆ ಪೊಳ್ಳಾದ ಬಿದಿರು ತನ್ನ ಹೊರಕವಚದ ಬಲದಿಂದಲೇ ಗಾಳಿಗೆ ನಿಲ್ಲುತ್ತದೆ.

ಸಿಯರ್ಸ್ ಗೋಪುರದಲ್ಲಿ ಖಾನ್ ಮತ್ತು ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಇಂಥ ಒಂಬತ್ತು ಕೊಳವೆಗಳನ್ನು ಒಟ್ಟಿಗೆ ಕಟ್ಟಿದರು. ಗ್ರಹಾಂ ಒಂದು ಹಿಡಿ ಸಿಗರೇಟುಗಳನ್ನು ಹಿಡಿದು, ಒಂದೊಂದನ್ನು ಒಂದೊಂದು ಎತ್ತರಕ್ಕೆ ಎಳೆದು ಈ ಕಲ್ಪನೆಯನ್ನು ಖಾನ್‌ಗೆ ತೋರಿಸಿದರೆಂಬ ಕಥೆ ಪ್ರಚಲಿತವಾಗಿದೆ. ಪ್ರತಿ ಕೊಳವೆಯೂ 75 ಅಡಿಯ ಚೌಕ. ಎರಡು 50ನೆಯ ಅಂತಸ್ತಿಗೆ ನಿಲ್ಲುತ್ತವೆ, ಎರಡು 66ಕ್ಕೆ, ಮೂರು 90ಕ್ಕೆ. ಉಳಿದ ಎರಡು ಮಾತ್ರ ತುದಿ ಮುಟ್ಟುತ್ತವೆ. ಈ ಮೆಟ್ಟಿಲು ಮೆಟ್ಟಿಲಾದ ಆಕಾರಕ್ಕೆ ವ್ಯವಹಾರದ ಕಾರಣವೂ ಇತ್ತು. ಸಿಯರ್ಸ್ ಕಂಪನಿಗೆ ಕೆಳಗೆ ವಿಶಾಲವಾದ ಕಚೇರಿಗಳು ಬೇಕಿದ್ದವು. ಬಾಡಿಗೆಗೆ ಕೊಡುವ ಮೇಲಿನ ಅಂತಸ್ತುಗಳು ಕಿರಿದಾಗಿದ್ದರೆ ಅನುಕೂಲ. ಹೀಗೆ 442 ಮೀಟರ್ ಎತ್ತರದ ಉಕ್ಕಿನ ಗೋಪುರ ಎದ್ದಿತು.

ಬುರ್ಜ್ ಖಲೀಫಾದ ಎತ್ತರ 828 ಮೀಟರ್, ಅಂದರೆ ಸಿಯರ್ಸ್‌ನ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ. ಅದರ ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್, ಎಂಜಿನಿಯರ್ ಬಿಲ್ ಬೇಕರ್. ಬೇಕರ್ ಈ ಸಂಸ್ಥೆಯನ್ನು ಸೇರಿದ್ದು 1981ರಲ್ಲಿ. ಖಾನ್ ತೀರಿಕೊಂಡದ್ದು ಮರುವರ್ಷ. ಹಿರಿಯರ ಕೊಳವೆಯನ್ನೇ ಇನ್ನಷ್ಟು ಎತ್ತರಿಸುವ ದಾರಿಯನ್ನು ಬೇಕರ್ ಹಿಡಿಯಲಿಲ್ಲ. ಕೊಳವೆಗೆ ಬಲ ಬರಬೇಕಾದರೆ ಅದು ದಪ್ಪಗಿರಬೇಕು. ದಪ್ಪವಾದರೆ ಒಳಗಿನ ಜಾಗ ಕಿಟಕಿಯಿಂದ ದೂರವಾಗುತ್ತದೆ. ಕಚೇರಿಯಾದರೆ ದೀಪ ಹಚ್ಚಿ ಸುಧಾರಿಸಿಕೊಳ್ಳಬಹುದು. ಆದರೆ ಬುರ್ಜ್‌ನ ಬಹುಭಾಗ ಮನೆಗಳು ಮತ್ತು ಹೋಟೆಲು. ಬೆಳಕಿಲ್ಲದ ಮನೆಯನ್ನು ಕೊಳ್ಳುವವರು ಯಾರು?

ಆದ್ದರಿಂದ ನಡುವೆ ಆರು ಮೂಲೆಯ ಕಾಂಕ್ರೀಟ್ ತಿರುಳು, ಅದರಿಂದ ಮೂರು ದಿಕ್ಕಿಗೆ ಚಾಚಿದ ಮೂರು ರೆಕ್ಕೆಗಳು. ಒಂದು ರೆಕ್ಕೆಯನ್ನು ಗಾಳಿ ತಳ್ಳಿದರೆ ಉಳಿದೆರಡು ಆಸರೆಯಾಗುತ್ತವೆ. ಮುಕ್ಕಾಲಿ ಪೀಠದ ಸ್ಥಿರತೆ ಇದಕ್ಕಿದೆ. ನಡುವಿನ ತಿರುಳು ಕಟ್ಟಡ ತಿರುಚಿಕೊಳ್ಳದಂತೆ ನೋಡಿಕೊಳ್ಳುತ್ತದೆ.

ಇನ್ನೊಂದು ಉಪಾಯ ಹೊರ ಆಕಾರದಲ್ಲಿದೆ. ಗಾಳಿ ಕಟ್ಟಡವನ್ನು ಬಳಸಿ ಹೋಗುವಾಗ ಎರಡೂ ಪಕ್ಕಗಳಲ್ಲಿ ಸರದಿಯಂತೆ ಸುಳಿಗಳು ಏಳುತ್ತವೆ. ಮೇಲಿನಿಂದ ಕೆಳಗಿನವರೆಗೆ ಆ ಸುಳಿಗಳು ಒಂದೇ ತಾಳಕ್ಕೆ ಎದ್ದರೆ ಕಟ್ಟಡ ಅಡ್ಡಡ್ಡ ತೂಗತೊಡಗುತ್ತದೆ. ಬುರ್ಜ್‌ನ ರೆಕ್ಕೆಗಳು ಸುರುಳಿಯ ಕ್ರಮದಲ್ಲಿ ಒಂದೊಂದಾಗಿ ಹಿಂದೆ ಸರಿಯುವುದರಿಂದ ಪ್ರತಿ ಹಂತದಲ್ಲೂ ಆಕಾರ ಬೇರೆ, ಸುಳಿಯ ತಾಳವೂ ಬೇರೆ. ಗಾಳಿಗುಹೆಯಲ್ಲಿ ಮಾದರಿಗಳನ್ನಿಟ್ಟು ಪರೀಕ್ಷಿಸಿ, ಫಲಿತಾಂಶಕ್ಕೆ ತಕ್ಕಂತೆ ಕಟ್ಟಡದ ದಿಕ್ಕನ್ನೇ ಬದಲಿಸಲಾಯಿತು. ಸಿಯರ್ಸ್ ಗಾಳಿಯನ್ನು ಬಲದಿಂದ ತಡೆದರೆ, ಬುರ್ಜ್ ಅದಕ್ಕೆ ದಿಕ್ಕುತಪ್ಪಿಸುತ್ತದೆ.

ಸಾಮಗ್ರಿಯೂ ಬದಲಾಯಿತು. ಬುರ್ಜ್‌ನ ತುದಿಭಾಗ ಮಾತ್ರ ಉಕ್ಕು, ಉಳಿದದ್ದು ಕಾಂಕ್ರೀಟ್. ಅದನ್ನು 600 ಮೀಟರಿಗೂ ಮೇಲಕ್ಕೆ ಪಂಪ್ ಮಾಡಲಾಯಿತು. ಮರುಭೂಮಿಯ ಬೇಸಿಗೆಯಲ್ಲಿ ಕಾಂಕ್ರೀಟ್ ಬೇಗ ಗಟ್ಟಿಯಾಗಿ ಬಿರುಕು ಬಿಡದಿರಲೆಂದು ಮಂಜುಗಡ್ಡೆ ಬೆರೆಸಿ ರಾತ್ರಿ ಹೊತ್ತು ಸುರಿದರು. ಆ ಕೆಲಸ ಮಾಡಿದವರಲ್ಲಿ ಬಹುಪಾಲು ದಕ್ಷಿಣ ಏಷ್ಯಾದ ಕಾರ್ಮಿಕರು. 2006ರ ಮಾರ್ಚ್‌ನಲ್ಲಿ ಅವರು ಕೂಲಿ ಸಾಲದೆಂದು ಇದೇ ಕಟ್ಟಡದ ಜಾಗದಲ್ಲಿ ಸಿಡಿದೆದ್ದರು. ಗೋಪುರದ ಎತ್ತರವನ್ನು ಹೇಳುವಾಗ ಈ ಸಂಗತಿಯನ್ನೂ ಹೇಳಬೇಕು.

ಹಾಗಾದರೆ ಯಾವುದು ದೊಡ್ಡದು? ಅಳತೆಪಟ್ಟಿ ಪೂರ್ತಿ ಉತ್ತರ ಕೊಡುವುದಿಲ್ಲ. ಬುರ್ಜ್‌ನ ಕೊನೆಯ ಸುಮಾರು 240 ಮೀಟರಿನಲ್ಲಿ ಜನ ಬಳಸುವ ಅಂತಸ್ತುಗಳೇ ಇಲ್ಲ. 1998ರಲ್ಲಿ ಕ್ವಾಲಾಲಂಪುರದ ಪೆಟ್ರೊನಾಸ್ ಗೋಪುರಗಳು ಸಿಯರ್ಸ್‌ನ ಪಟ್ಟ ಕಸಿದುಕೊಂಡದ್ದೂ ಶಿಖರದ ಕಂಬವನ್ನು ಲೆಕ್ಕಕ್ಕೆ ಸೇರಿಸಿದ್ದರಿಂದ. ಸಿಯರ್ಸ್ ಮೇಲಿನ ಆಂಟೆನಾಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೆಸರಂತೂ ಇನ್ನೂ ಅಸ್ಥಿರ. ಜಗತ್ತಿನ ಅತಿದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯಾಗಿದ್ದಾಗ ಗೋಪುರ ಕಟ್ಟಿಸಿದ ಸಿಯರ್ಸ್ 1990ರ ದಶಕದಲ್ಲಿ ಅದನ್ನು ಬಿಟ್ಟು ಹೊರನಡೆಯಿತು, 2018ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರಿಂದ ಕಟ್ಟಡದ ಹೆಸರು ವಿಲ್ಲಿಸ್ ಟವರ್. ಬುರ್ಜ್ ದುಬೈ ಎಂದೇ ಕರೆಸಿಕೊಂಡಿದ್ದ ಗೋಪುರಕ್ಕೆ 2010ರ ಜನವರಿ 4ರಂದು, ಉದ್ಘಾಟನೆಯ ದಿನವೇ, ಅಬುಧಾಬಿಯ ದೊರೆ ಖಲೀಫಾ ಅವರ ಹೆಸರು ಬಂತು. ಸಾಲದಲ್ಲಿ ಸಿಲುಕಿದ್ದ ದುಬೈಗೆ ಅಬುಧಾಬಿ ಹಿಂದಿನ ತಿಂಗಳಷ್ಟೇ ಸಾವಿರ ಕೋಟಿ ಡಾಲರ್ ನೆರವು ನೀಡಿತ್ತು.

ಹಣ ಹಾಕಿದವರ ಹೆಸರು ಬರುತ್ತದೆ, ಹೋಗುತ್ತದೆ. ಉಳಿಯುವುದು ಕಟ್ಟುವ ವಿಧಾನ. ಎತ್ತರಕ್ಕೆ ಬೇಕಾದದ್ದು ಹೆಚ್ಚು ಉಕ್ಕಲ್ಲ, ಸರಿಯಾದ ಆಕಾರ ಎಂದು ಢಾಕಾದಿಂದ ಬಂದ ಎಂಜಿನಿಯರ್ ತೋರಿಸಿಕೊಟ್ಟ. ದುಬೈನಲ್ಲಿ ಆ ಪಾಠ ಉಳಿಯಿತು, ಆಕಾರ ಮಾತ್ರ ಬದಲಾಯಿತು.