ಸ್ಫಟಿಕದ ಮುಖ ಮತ್ತು ಹಸಿರಿನ ಬೆಲೆ



ಗೋಡೆಯ ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡಿಗೆ ಬೆಳಕಿನ ಬಲದಿಂದ ನೀರನ್ನು ಒಡೆಯುವ ಗುಣವಿದೆ. ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ಇದನ್ನು ಜಗತ್ತಿನ ಗಮನಕ್ಕೆ ತಂದರು. ನೇರಳಾತೀತ ಬೆಳಕು ಬಿದ್ದಾಗ ಸ್ಫಟಿಕದೊಳಗಿನ ಇಲೆಕ್ಟ್ರಾನೊಂದು ಮೇಲೇಳುತ್ತದೆ. ಅದು ಬಿಟ್ಟ ಜಾಗದಲ್ಲಿ ಧನಾವೇಶದ ರಂಧ್ರ ಉಳಿಯುತ್ತದೆ. ಇವು ಮೇಲ್ಮೈ ತಲುಪಿದರೆ ಬಟ್ಟೆಬಣ್ಣದಂಥ ಸಾವಯವ ಕಲ್ಮಶವನ್ನೂ ಒಡೆಯಬಲ್ಲವು. ಆದರೆ ಬಹುಪಾಲು ಜೋಡಿಗಳು ದಾರಿಯಲ್ಲೇ ಮತ್ತೆ ಕೂಡಿಕೊಳ್ಳುತ್ತವೆ; ಬೆಳಕಿನ ಶಕ್ತಿ ವ್ಯರ್ಥವಾಗುತ್ತದೆ.

ಈ ನಷ್ಟವನ್ನು ತಗ್ಗಿಸುವ ಒಂದು ದಾರಿ ಸ್ಫಟಿಕದ ಆಕಾರವನ್ನೇ ತಿದ್ದುವುದು. ಅನಾಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡ್ ಸಹಜವಾಗಿ ಬೆಳೆದಾಗ, ಬುಡಕ್ಕೆ ಬುಡ ಕೂಡಿಸಿದ ಎರಡು ಪಿರಮಿಡ್ಡುಗಳಂತೆ ಕಾಣುತ್ತದೆ. ಅದರ ಇಳಿಜಾರು ಬದಿಗಳು 101 ಮುಖಗಳು. ತುದಿಯ ಚಪ್ಪಟೆ ಭಾಗ 001 ಮುಖ. ಶಕ್ತಿ ಹೆಚ್ಚಿರುವ 001ರ ಮೇಲೆ ಹೊಸ ಪರಮಾಣುಗಳು ಬೇಗ ಬಂದು ಸೇರುತ್ತವೆ. ಹೀಗೆ ವೇಗವಾಗಿ ಬೆಳೆಯುವುದರಿಂದಲೇ ಆ ಮುಖ ಕಿರಿದಾಗುತ್ತ ಹೋಗುತ್ತದೆ.

2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಹುವಾ ಗುಯಿ ಯಾಂಗ್ ಮತ್ತು ಸಂಗಡಿಗರು ಹೈಡ್ರೋಫ್ಲೋರಿಕ್ ಆಮ್ಲ ಬಳಸಿ ಇದನ್ನು ತಡೆದರು. ಫ್ಲೋರಿನ್ 001 ಮುಖಕ್ಕೆ ಅಂಟಿ ಅದನ್ನು ಸ್ಥಿರಗೊಳಿಸಿತು. ಒಟ್ಟು ಮೇಲ್ಮೈಯಲ್ಲಿ ಆ ಮುಖದ ಪಾಲು ಶೇ. 47ಕ್ಕೆ ಏರಿತು. ಆದರೆ ಆ ಪಾಲು ಹೆಚ್ಚಿದಷ್ಟೂ ಲಾಭ ಹೆಚ್ಚುವುದಿಲ್ಲವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಇಲೆಕ್ಟ್ರಾನುಗಳು 101ರತ್ತ, ರಂಧ್ರಗಳು 001ರತ್ತ ಸರಿಯುತ್ತವೆ. ಎರಡೂ ಮುಖಗಳು ತಕ್ಕ ಪ್ರಮಾಣದಲ್ಲಿದ್ದಾಗ ಮಾತ್ರ ಜೋಡಿಗಳು ಚೆನ್ನಾಗಿ ಬೇರ್ಪಡುತ್ತವೆ.

ಇದೇ ತತ್ವವನ್ನು ಸ್ಟ್ರಾಂಷಿಯಂ ಟೈಟನೇಟಿಗೆ ಅನ್ವಯಿಸಿದ ಜಪಾನಿನ ಕಜುನಾರಿ ಡೊಮೆನ್ ತಂಡ, 2020ರಲ್ಲಿ ನೇರಳಾತೀತ ಬೆಳಕಿನಲ್ಲಿ ಶೇ. 96ರವರೆಗೆ ಕ್ವಾಂಟಂ ದಕ್ಷತೆ ಸಾಧಿಸಿತು. ಮರುವರ್ಷ ಪ್ರಕಟವಾದ ಪ್ರಯೋಗದಲ್ಲಿ 100 ಚದರ ಮೀಟರ್ ಫಲಕವನ್ನು ಬಿಸಿಲಿಗಿಟ್ಟಾಗ, ಜಲಜನಕವಾಗಿ ದಕ್ಕಿದ್ದು ಹೆಚ್ಚೆಂದರೆ ಸೌರಶಕ್ತಿಯ ಶೇ. 0.76 ಮಾತ್ರ. ಬಿಸಿಲಿನಲ್ಲಿ ನೇರಳಾತೀತ ಕಿರಣಗಳ ಪಾಲು ಅಷ್ಟು ಕಡಿಮೆ. ಪ್ರಯೋಗಾಲಯದ ಅಂಕಿಯನ್ನು ಬೀದಿಯ ಭರವಸೆಯಾಗಿ ಮಾರುವವರು ಈ ಅಂತರವನ್ನು ಮರೆಮಾಚಬಾರದು.

ಮರೆಮಾಚಬಾರದ ಇನ್ನೊಂದು ಲೆಕ್ಕವಿದೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಒಳಗಿಳಿದು, ರಕ್ತದ ಕ್ಯಾಲ್ಸಿಯಂ ಕುಗ್ಗಿಸಿ ಜೀವ ತೆಗೆಯಬಲ್ಲದು. ಪ್ರಯೋಗಾಲಯದಲ್ಲಿ ಹನಿಗಳಲ್ಲಿ ಅಳೆಯುವುದನ್ನು ಕಾರ್ಖಾನೆ ಪೀಪಾಯಿಗಳಲ್ಲಿ ಅಳೆಯುತ್ತದೆ. ಆ ಪೀಪಾಯಿಯನ್ನು ಎತ್ತುವವರು ಯಾರು? ತೊಳೆದ ನೀರು ಯಾರ ಊರಿಗೆ ಹರಿಯುತ್ತದೆ?

ಪಾವಗಡದ ಹಳ್ಳಿಗಳನ್ನು ಬಲ್ಲವರಿಗೆ ಈ ಪ್ರಶ್ನೆ ದೂರದ್ದಲ್ಲ. ಅಲ್ಲಿ ಬಂಡೆಗಳಿಂದ ಅಂತರ್ಜಲಕ್ಕೆ ಇಳಿದ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸಿದೆ. ಅದನ್ನು ಈ ಸ್ಫಟಿಕಗಳು ನಿವಾರಿಸಲಾರವು: ಸಾವಯವ ಅಣುವನ್ನು ಒಡೆಯಬಹುದು, ಫ್ಲೋರೈಡಿನಲ್ಲಿ ಒಡೆಯಲು ಏನೂ ಇಲ್ಲ. ಒಂದೆಡೆ ನೀರನ್ನು ಶುದ್ಧಗೊಳಿಸಲು ಇನ್ನೊಂದೆಡೆಯ ನೀರಿಗೆ ಫ್ಲೋರೈಡ್ ಬೆರೆಸುವುದು ಹಸಿರು ತಂತ್ರಜ್ಞಾನವಲ್ಲ.

ಫ್ಲೋರಿನ್ ಇಲ್ಲದೆ ಇದೇ ಆಕಾರ ಪಡೆಯುವ ವಿಧಾನಗಳೂ ಪ್ರಕಟವಾಗಿವೆ. ಸಾರ್ವಜನಿಕ ಹಣ ಮೊದಲು ಅವುಗಳಿಗೆ ಸಲ್ಲಬೇಕು. ದಕ್ಷತೆಯ ಅಂಕಿಯ ಪಕ್ಕದಲ್ಲೇ ಕೆಲಸಗಾರರ ಸುರಕ್ಷತೆ ಮತ್ತು ತ್ಯಾಜ್ಯದ ವಿವರವನ್ನೂ ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿಯೊಬ್ಬರಿಗೂ ಇದೆ.