ಮನೆಯ ಲೆಕ್ಕ, ಇಬ್ಬರ ಲೆಕ್ಕ

(ಗ್ರಾಮದ ದಂಪತಿಗಳ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ವೈದ್ಯರಾದವರು ಔಷಧಿಯ ಮಾತನ್ನು ಬಿಟ್ಟು ಹಣಕಾಸಿನ ಮಾತನ್ನೇಕೆ ಆಡಬೇಕೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಕಾಯಿಲೆಗೂ ಸಾಲಕ್ಕೂ ಇರುವ ನಂಟನ್ನು ನಾನು ದಿನವೂ ಕಾಣುತ್ತಿದ್ದೇನೆ. ಆದುದರಿಂದ ಇಂದು ಸಂಸಾರದ ಆಯವ್ಯಯವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ಒಂದು ಘಟನೆಯನ್ನು ಕೇಳಿ. ಕೂಲಿ ಮಾಡಿ ಬದುಕುವ ದಂಪತಿಗಳು. ಮೊದಲ ಮಗುವಿಗೆ ಒಂದೂವರೆ ವರ್ಷ ತುಂಬುವ ಮೊದಲೇ ಎರಡನೆಯ ಹೆರಿಗೆ. ಸಂಜೆಯೇ ನೋವು ಕಾಣಿಸಿಕೊಂಡಿದ್ದ ಆ ತಾಯಿಯನ್ನು ನಮ್ಮ ಕೇಂದ್ರಕ್ಕೆ ಕರೆತಂದಾಗ ನಡುರಾತ್ರಿ ಕಳೆದಿತ್ತು. ರಕ್ತಹೀನತೆಯಿಂದ ಆಕೆಯ ಮುಖ ಬಿಳಿಚಿಕೊಂಡಿತ್ತು. "ಇಷ್ಟು ತಡವೇಕೆ ಮಾಡಿದಿರಿ?" ಎಂದು ನಾನು ಗಂಡನನ್ನು ಗದರಿಸಿದೆ. ಆತ ತಲೆ ತಗ್ಗಿಸಿ, "ದುಡ್ಡು ಹೊಂದಿಸೋಕೆ ನಾಲ್ಕು ಮನೆ ಅಲೆದೆ ಸ್ವಾಮಿ" ಎಂದ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಹತ್ತು ಸಾವಿರ ರೂಪಾಯಿ ಸಾಲ ತಂದು, ಬಾಡಿಗೆ ವಾಹನ ಹಿಡಿದು ಬಂದಿದ್ದ. ಹೆರಿಗೆಯ ನಂತರ ರಕ್ತಸ್ರಾವವಾಗಿ, ಆಕೆಯನ್ನು ದೊಡ್ಡಾಸ್ಪತ್ರೆಗೆ ಕಳುಹಿಸಿ ರಕ್ತ ಕೊಡಿಸಬೇಕಾಯಿತು. ಪುಣ್ಯವಶಾತ್ ತಾಯಿ ಮಗು ಇಬ್ಬರೂ ಉಳಿದರು.

ವಾರದ ನಂತರ ಆ ತಾಯಿ ನನ್ನೊಡನೆ ಮೆಲ್ಲಗೆ ಹೇಳಿದಳು: "ಸಾಸಿವೆ ಡಬ್ಬೀಲಿ ಎರಡು ಸಾವಿರದ ನಾನೂರು ಇತ್ತು ಡಾಕ್ಟ್ರೇ. ಹೇಳಿದ್ರೆ ಖರ್ಚಾಗಿಬಿಡುತ್ತೆ ಅಂತ ಅವರಿಗೆ ಹೇಳಿರಲಿಲ್ಲ. ಆ ನೋವಿನಲ್ಲಿ ನನಗೆ ನೆನಪೂ ಆಗಲಿಲ್ಲ."

ಗಂಡನ ಸಾಲ ಹೆಂಡತಿಗೆ ತಿಳಿಯದು. ಹೆಂಡತಿಯ ಉಳಿತಾಯ ಗಂಡನಿಗೆ ತಿಳಿಯದು. ಅದಕ್ಕಿಂತ ದುಃಖದ ಸಂಗತಿಯೆಂದರೆ, ಆ ರಾತ್ರಿ ಸಾಲವೇ ಬೇಕಿರಲಿಲ್ಲ. 108ಕ್ಕೆ ಕರೆ ಮಾಡಿದ್ದರೆ ವಾಹನ ಉಚಿತವಾಗಿ ಬರುತ್ತಿತ್ತು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ಪರೀಕ್ಷೆಗಳು, ತಾಯಿಯ ಊಟ, ಮನೆಗೆ ಮರಳುವ ವಾಹನ, ಎಲ್ಲವೂ ಉಚಿತ. ಇದನ್ನು ಅವರ ಮನಸ್ಸಿಗೆ ನಾಟುವಂತೆ ಮೊದಲೇ ತಿಳಿಸದಿದ್ದುದು ನಮ್ಮ ಕೊರತೆ. ಗಂಡನನ್ನು ಗದರಿಸಿದ ನನಗೆ ಅಂದು ನಾಚಿಕೆಯಾಯಿತು. ಇಂದು ತಮ್ಮ ಮುಂದೆ ನಿಂತಿರುವುದೂ ಅದೇ ಕಾರಣದಿಂದ.

ಆ ಸಾಲದ ಲೆಕ್ಕವನ್ನು ಈಗ ನೋಡೋಣ. ಹತ್ತು ಸಾವಿರಕ್ಕೆ ತಿಂಗಳಿಗೆ 300 ರೂಪಾಯಿ ಬಡ್ಡಿ. ವರ್ಷಕ್ಕೆ 3,600 ರೂಪಾಯಿ. ಇಷ್ಟು ತೆತ್ತ ಮೇಲೂ ಅಸಲು ಹತ್ತು ಸಾವಿರ ಹಾಗೆಯೇ ನಿಂತಿರುತ್ತದೆ. ಇನ್ನೊಂದು ಲೆಕ್ಕವನ್ನೂ ಗಮನಿಸಿ. ಗರ್ಭ ನಿಂತ ದಿನದಿಂದ ದಿನಕ್ಕೆ 20 ರೂಪಾಯಿಯಂತೆ ತೆಗೆದಿಟ್ಟರೆ ಒಂಬತ್ತು ತಿಂಗಳಿಗೆ 5,400 ರೂಪಾಯಿ ಆಗುತ್ತದೆ. ಜೊತೆಗಿರುವವರ ಊಟಕ್ಕೆ, ತಪ್ಪಿದ ಕೂಲಿಗೆ, ಬಾಣಂತಿಯ ಆರೈಕೆಗೆ ಅದು ಒದಗುತ್ತದೆ. ಜ್ವರ, ಅಪಘಾತಗಳು ಹೇಳಿ ಕೇಳಿ ಬರುವುದಿಲ್ಲ. ಹೆರಿಗೆಯಾದರೋ ತಿಂಗಳುಗಳ ಮೊದಲೇ ತಿಳಿಸಿ ಬರುವ ಖರ್ಚು. ಅದಕ್ಕೆ ಸಾಲ ಮಾಡುವ ಅವಶ್ಯಕತೆ ಬರಬಾರದು.

ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಮ್ಮ ನಾಡಿನವರೇ ಕಾರ್ಯರೂಪಕ್ಕೆ ತಂದು ತೋರಿಸಿದ್ದಾರೆ. ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿತ್ತು. ಎರಡಾಣೆಯನ್ನು ಅಲ್ಪವೆಂದು ಕಡೆಗಣಿಸದ ಬಡವರೇ ಅದನ್ನು ಬೆಳೆಸಿದರು.

ಇನ್ನು ತಾವು ಮಾಡಬೇಕಾದುದೇನು?

ಮೊದಲನೆಯದಾಗಿ, ಮನೆಯಲ್ಲಿ ಒಂದು ಲೆಕ್ಕದ ಪುಸ್ತಕವಿರಲಿ. ಬಟವಾಡೆಯ ದಿನ, ಸಂತೆಗೆ ಹೊರಡುವ ಮುನ್ನ, ಗಂಡ ಹೆಂಡತಿ ಒಟ್ಟಿಗೆ ಕುಳಿತು ಬಂದದ್ದೆಷ್ಟು, ಹೋದದ್ದೆಷ್ಟು, ಕೊಡಬೇಕಾದದ್ದೆಷ್ಟು ಎಂದು ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಬರೆಯಿಸಿ. ಉಳಿತಾಯವನ್ನು ಮೊದಲೇ ತೆಗೆದಿಟ್ಟು, ಉಳಿದುದರಲ್ಲಿ ಖರ್ಚು ಮಾಡುವುದು ಜಾಣತನ.

ಎರಡನೆಯದಾಗಿ, ಉಳಿತಾಯವೆಂದರೆ ಹೊಟ್ಟೆ ಕಟ್ಟುವುದಲ್ಲ. ಗರ್ಭಿಣಿಯ ಸೊಪ್ಪು, ಬೇಳೆ, ಹಾಲು, ಮೊಟ್ಟೆಗಳನ್ನು ಕಡಿತಗೊಳಿಸಬೇಡಿ. ಕಬ್ಬಿಣಾಂಶದ ಮಾತ್ರೆಗಳನ್ನು ನಾವು ಉಚಿತವಾಗಿ ಕೊಡುತ್ತೇವೆ. ಮೂರು ತಿಂಗಳು ತುಂಬಿದ ಮೇಲೆ ಕನಿಷ್ಠ 180 ದಿನ ತಪ್ಪದೆ ನುಂಗಬೇಕು. ಕಡಿತಗೊಳಿಸಬೇಕಾದುದು ಬೀಡಿ, ಗುಟ್ಕಾ, ಹೆಂಡಗಳನ್ನು. ದಿನಕ್ಕೆ 20 ರೂಪಾಯಿಯ ಚಟವೆಂದರೆ ವರ್ಷಕ್ಕೆ 7,300 ರೂಪಾಯಿ. ಅದರ ಫಲವಾಗಿ ಬರುವ ರೋಗದ ಖರ್ಚು ಇದರಲ್ಲಿ ಸೇರಿಲ್ಲ.

ಮೂರನೆಯದಾಗಿ, ಹಣವನ್ನು ಭದ್ರವಾದ ಸ್ಥಳದಲ್ಲಿಡಿ. ತುರ್ತಿನ ಹಣ ಬ್ಯಾಂಕಿನಲ್ಲಿ ಇಬ್ಬರ ಹೆಸರಿನ ಖಾತೆಯಲ್ಲಿರಲಿ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಐದು ವರ್ಷದ ಆವರ್ತಕ ಠೇವಣಿಯನ್ನು ಆರಂಭಿಸಬಹುದು. ತಾಯಂದಿರಿಗೆ ಸ್ತ್ರೀಶಕ್ತಿ ಸಂಘಗಳಿವೆ. ಆ ತಾಯಿಗೆ ಹಣವನ್ನು ಗಂಡನಿಂದ ಬಚ್ಚಿಡಬೇಕೆಂದು ಏಕೆ ಅನ್ನಿಸಿತೆಂಬುದನ್ನು ಪುರುಷರಾದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ನಂಬಿಕೆಯಿದ್ದ ಮನೆಯಲ್ಲಿ ಡಬ್ಬಿಗೆ ಕೆಲಸವಿಲ್ಲ.

ನಾಲ್ಕನೆಯದಾಗಿ, ಹೆರಿಗೆಗಳ ನಡುವೆ ಕನಿಷ್ಠ ಮೂರು ವರ್ಷಗಳ ಅಂತರವಿರಲಿ. ಮೇಲಿಂದ ಮೇಲೆ ಹೆತ್ತರೆ ತಾಯಿಯ ರಕ್ತವೂ ತುಂಬಿಕೊಳ್ಳುವುದಿಲ್ಲ, ಮನೆಯ ಹಣವೂ ತುಂಬಿಕೊಳ್ಳುವುದಿಲ್ಲ. ನಿರೋಧ್, ನುಂಗುವ ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಹತ್ತು ವರ್ಷದವರೆಗೆ ರಕ್ಷಣೆ ನೀಡುವ ಕಾಪರ್ ಟಿ, ಇವೆಲ್ಲ ಉಚಿತವಾಗಿ ದೊರೆಯುತ್ತವೆ. ಮಕ್ಕಳು ಸಾಕೆನಿಸಿದವರಿಗೆ ಪುರುಷರ ಶಸ್ತ್ರಚಿಕಿತ್ಸೆ ಅತಿ ಸುಲಭವಾದುದು. ಹೊಲಿಗೆಯಿಲ್ಲ, ಅದೇ ದಿನ ಮನೆಗೆ ಮರಳಬಹುದು. ಆದರೆ ನಂತರದ ಮೂರು ತಿಂಗಳು ಬೇರೊಂದು ವಿಧಾನವನ್ನು ಅನುಸರಿಸಲೇಬೇಕು. ಯಾವುದನ್ನು ಆರಿಸಿಕೊಳ್ಳಬೇಕೆಂಬುದು ತಮ್ಮಿಬ್ಬರ ತೀರ್ಮಾನ.

ಸಭಿಕರೇ, ಆ ದಂಪತಿಗಳು ಮಗುವಿಗೆ ಲಸಿಕೆ ಹಾಕಿಸಲು ಬಂದಾಗ, ತಾಯಿ ಕಾರ್ಡಿನ ಜೊತೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನೂ ತಂದಿದ್ದರು. ಅದರಲ್ಲಿ ಸಾಲದ ಮೊತ್ತ ಗಂಡನ ಅಕ್ಷರದಲ್ಲಿತ್ತು. ತೀರಿಸಿದ ಕಂತುಗಳು ಹೆಂಡತಿಯ ಅಕ್ಷರದಲ್ಲಿದ್ದವು. ಸಾಲ ಇನ್ನೂ ತೀರಿರಲಿಲ್ಲ. ಆದರೆ ಅದು ಈಗ ಇಬ್ಬರಿಗೂ ತಿಳಿದ ಸಾಲವಾಗಿತ್ತು.

ಇಂದು ರಾತ್ರಿ ಊಟವಾದ ಮೇಲೆ ತಾವೂ ಎದುರುಬದುರು ಕುಳಿತುಕೊಳ್ಳಿ. ಕಿಸೆಯಲ್ಲೆಷ್ಟಿದೆ, ಡಬ್ಬಿಯಲ್ಲೆಷ್ಟಿದೆ, ಹೊರಗೆ ಸಾಲವೆಷ್ಟಿದೆ ಎಂದು ಪರಸ್ಪರ ತಿಳಿಸಿ. 108 ಎಂಬ ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ತಮ್ಮ ಸಂಸಾರ ಆರೋಗ್ಯದಿಂದಲೂ ಋಣಭಾರವಿಲ್ಲದೆಯೂ ಬಾಳಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.